ಸಾಕಮ್ಮ

ಫೆಬ್ರವರಿ ೧೧, ಮಂಗಳವಾರ

ಇವತ್ತಿನ ಪತ್ರಿಕೆಯಲ್ಲಿ ತಮ್ಮನ ಬಗ್ಗೆ ಬಂದ ಸುದ್ದಿ ಹನ್ನೆರಡು ಸಾಲು. ಅದರಲ್ಲಿ ತಪ್ಪು ನಾಲ್ಕು. ಅವನ ವಯಸ್ಸು ಅರವತ್ತೆಂಟು ಎಂದು ಹಾಕಿದ್ದಾರೆ, ಅರವತ್ತಾರು. 'ಪಾರ್ಶ್ವವಾಯು' ಎಂಬ ಪದವನ್ನು ಎರಡು ಕಡೆ ಎರಡು ಥರ ಬರೆದಿದ್ದಾರೆ, ಎರಡೂ ತಪ್ಪು. 'ಕ್ಯಾನ್ವಾಸಿಗೆ ಬಣ್ಣ ಎರಚಿ ಹೆಸರಾದವರು' ಎಂದಿದ್ದಾರೆ. ಎರಚುವುದು ಕೆಸರನ್ನು. ಅವನು ಸುರಿಯುತ್ತಾನೆ, ಹನಿಸುತ್ತಾನೆ, ಇಳಿಬಿಡುತ್ತಾನೆ. ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು: 'ಕೊನೆಯ ಕೃತಿಯನ್ನು ಮುಗಿಸಿದ ಕೆಲವೇ ಕ್ಷಣಗಳಲ್ಲಿ ಕುಸಿದುಬಿದ್ದರು.'

ಮುಗಿಸಿರಲಿಲ್ಲ. ನಾನು ಅಲ್ಲೇ ಇದ್ದೆ.

ಸಂಪಾದಕರಿಗೆ ಪತ್ರ ಬರೆದೆ. ಹಾಕುವುದಿಲ್ಲ, ಗೊತ್ತು. ಮೂವತ್ತೊಂದು ವರ್ಷ ಇದೇ ಪತ್ರಿಕೆಯಲ್ಲಿ ಕರಡು ತಿದ್ದಿದವಳು ನಾನು. ನಲವತ್ತು ವರ್ಷದ ಹಿಂದೆ ಅವನ ಮೊದಲ ಪ್ರದರ್ಶನಕ್ಕೆ ಇವರು ಕೊಟ್ಟ ತಲೆಬರಹ 'ಕೋಳಿ ಕೆದರಿದ ಕ್ಯಾನ್ವಾಸು.' ಆ ಕರಡು ನನ್ನ ಮೇಜಿಗೇ ಬಂದಿತ್ತು. ಕಾಗುಣಿತ ಸರಿಯಿತ್ತು. ಸಹಿ ಹಾಕಿ ಬಿಟ್ಟುಕೊಟ್ಟೆ. ಮರೆತಿಲ್ಲ.

ಫೆಬ್ರವರಿ ೧೪

ತಮ್ಮನನ್ನು ಆಸ್ಪತ್ರೆಯಿಂದ ಕರೆತಂದೆವು. ಬಲಗೈ, ಬಲಗಾಲು ಪೂರ್ತಿ ಹೋಗಿವೆ. ಬಾಯಿ ಒಂದು ಕಡೆಗೆ ಎಳೆದುಕೊಂಡಿದೆ. ಮುಂದಿನ ಕೋಣೆಯ ಕಿಟಕಿಯ ಪಕ್ಕ ಮಂಚ ಹಾಕಿದ್ದೇನೆ. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ನರ್ಸಮ್ಮ ಇರುತ್ತಾಳೆ. ಆಮೇಲೆ ನಾನೊಬ್ಬಳೇ. ಎಪ್ಪತ್ನಾಲ್ಕು ವರ್ಷದ ಮೂಳೆ, ಎಂಬತ್ತು ಕೆಜಿ ತಮ್ಮ.

ಮಧ್ಯಾಹ್ನ ಮೊದಲ ಮಾತು ಬಂತು.

"ನೀರು ಕುಡೀತೀರಾ ಸಾರ್?" ಎಂದು ನರ್ಸಮ್ಮ ಲೋಟ ಹಿಡಿದಳು.

"ಸಾಕು," ಎಂದ.

ಅವಳು ಲೋಟ ತೆಗೆದಳು. ಅವನು ಎಡಗೈಯಲ್ಲಿ ಕಿತ್ತುಕೊಂಡು ಲೋಟ ಖಾಲಿ ಮಾಡಿದ, ಅರ್ಧ ಎದೆಯ ಮೇಲೆ ಚೆಲ್ಲಿಕೊಂಡು.

"ಇದೇನ್ ಸಾರ್! ಬಾಯಲ್ಲಿ ಸಾಕು ಅಂತೀರ, ಕೈಯಲ್ಲಿ ಕಿತ್ಕೋತೀರ. ಥೇಟ್ ನಮ್ಮನೆಯವ್ರೇ ಬಿಡಿ ನೀವು."

ನಾನು ನಕ್ಕೆ. ಹನ್ನೆರಡು ದಿನಕ್ಕೆ ಮೊದಲ ಸಲ.

ಸಂಜೆಯ ಹೊತ್ತಿಗೆ ನಗು ನಿಂತಿತು. ದಿಂಬು ಸರಿಸಲು ಸಾಕು. ಕಿಟಕಿ ಮುಚ್ಚಲು ಸಾಕು. ಮೂತ್ರಕ್ಕೆ ಸಾಕು. ನೋವಿಗೂ ಅದೇ. ಬೇರೆ ಮಾತಿಲ್ಲ.

ಫೆಬ್ರವರಿ ೧೮

ಮಾತು ಕಲಿಸುವ ಡಾಕ್ಟರು ಬಂದಿದ್ದರು. ನನಗೆ ಮೊಮ್ಮಗಳಾಗುವಷ್ಟು ವಯಸ್ಸಿನ ಹುಡುಗಿ, ಆದರೆ ತಾಳ್ಮೆಯುಳ್ಳವಳು.

"ಮಾತೆಲ್ಲ ಒಳಗೇ ಇದೆ ಅಜ್ಜಿ. ತಲೆ ಕೆಟ್ಟಿಲ್ಲ, ಎಲ್ಲ ಅರ್ಥ ಆಗುತ್ತೆ ಅವರಿಗೆ. ಹೇಳೋಕೆ ಹೋದಾಗ ಮಾತ್ರ ಆ ಒಂದು ಪದವೇ ಕೈಗೆ ಸಿಗ್ತಿದೆ. ಕತ್ತಲೆಯಲ್ಲಿ ಪೆಟ್ಟಿಗೆಗೆ ಕೈ ಹಾಕಿದ ಹಾಗೆ."

"ಎಷ್ಟೋ ಪದ ಇದ್ದಾವಲ್ಲ. ಅದೇ ಯಾಕೆ?"

"ಹೇಳಕ್ಕಾಗಲ್ಲ. ಕೆಲವ್ರಿಗೆ ಬೈಗುಳ ಉಳ್ಕೊಳ್ಳುತ್ತೆ, ಕೆಲವ್ರಿಗೆ ಹೆಂಡ್ತಿ ಹೆಸ್ರು. ಮನೇಲಿ ಯಾರಾದ್ರೂ ಆ ಮಾತು ಜಾಸ್ತಿ ಹೇಳ್ತಿದ್ರಾ?"

"ಇಲ್ಲ," ಎಂದೆ.

ಇಲ್ಲಿ ಸುಳ್ಳು ಬರೆಯುವ ಅಗತ್ಯವಿಲ್ಲ. ಇದನ್ನು ಓದುವವರು ಯಾರೂ ಇಲ್ಲ.

ಅಮ್ಮ ಸತ್ತಾಗ ಅವನಿಗೆ ನಾಲ್ಕು, ನನಗೆ ಹನ್ನೆರಡು. ಸಾಕಿದವಳು ನಾನು. ಹದಿನೆಂಟಕ್ಕೆ ಅಂಗಡಿಗಳ ಬೋರ್ಡು ಬರೆಯುವ ಕೆಲಸಕ್ಕೆ ಸೇರಿಸಿದೆ. ಅಕ್ಷರದ ಕಾಲಿನಿಂದ ಬಣ್ಣ ಇಳಿದರೆ ಬೇರೆಯವರು ಒರೆಸುತ್ತಾರೆ. ಇವನು ಅದು ಎಲ್ಲಿಯವರೆಗೆ ಇಳಿಯುತ್ತದೆ ಎಂದು ನೋಡುತ್ತ ನಿಂತುಬಿಡುತ್ತಿದ್ದ. ಮೂರೇ ತಿಂಗಳಿಗೆ ಮನೆಗೆ ಕಳಿಸಿದರು. ಪತ್ರಿಕೆಯ ಕಾಗದದ ಹಳೆಯ ಗೋದಾಮು ಖಾಲಿಯಿತ್ತು. ಮ್ಯಾನೇಜರ ಕಾಲು ಹಿಡಿದು ಅವನಿಗೆ ಕೊಡಿಸಿದೆ. ಇವತ್ತಿಗೂ ಅದೇ ಅವನ ಕೆಲಸದ ಜಾಗ.

ಲಾರಿಗೆ ಹೊದಿಸುವ ದಪ್ಪ ಬಟ್ಟೆಯನ್ನು ನೆಲದ ಮೇಲೆ ಹಾಸುತ್ತಾನೆ. ಗೋಡೆಗೆ ನಿಲ್ಲಿಸಿದರೆ ಬಣ್ಣ ತನ್ನ ಭಾರಕ್ಕೆ ಒಂದೇ ಕಡೆ ಇಳಿಯುತ್ತದೆ. ನೆಲದಲ್ಲಾದರೆ ಎಲ್ಲಿ ಬಿತ್ತೋ ಅಲ್ಲೇ ಇರುತ್ತದೆ. ಕಲಾವಿದರ ಬಣ್ಣವಲ್ಲ, ಬಾಗಿಲು ಕಿಟಕಿಗೆ ಹೊಡೆಯುವ ಬಣ್ಣ. ಟರ್ಪೆಂಟೈನ್ ಬೆರೆಸಿ ಕೋಲಿನಿಂದ ಎತ್ತಿ ನೋಡುತ್ತಾನೆ: ಜೇನಿನ ಹಾಗೆ ಬೀಳಬೇಕು, ನೀರಿನ ಹಾಗಲ್ಲ. ಕೈ ಓಡಿದರೆ ಗೆರೆ ದಾರ, ಕೈ ತಡೆದರೆ ಹಗ್ಗ. ಮೊಳೆಯಿಂದ ತೂತು ಮಾಡಿದ ಡಬ್ಬಿಗಳು, ಸವೆದ ಕಸಬರಿಗೆ, ಸೌಟು. ಕುಂಚ ಮುಟ್ಟಿದ್ದನ್ನು ನಾನು ಕಂಡಿಲ್ಲ. ಬಟ್ಟೆಯ ನಾಲ್ಕೂ ಕಡೆಯಿಂದ ಸುತ್ತುತ್ತಾನೆ. ಅದಕ್ಕೇ ಅವನ ಚಿತ್ರಕ್ಕೆ ಮೇಲು ಕೆಳಗು ಇರುವುದಿಲ್ಲ.

ಅವನಿಗೆ ಬಾರದ ವಿದ್ಯೆ ಒಂದೇ. ನಿಲ್ಲಿಸುವುದು. ಮೊದಲ ವರ್ಷಗಳಲ್ಲಿ ಒಂದೊಂದನ್ನೂ ಕೆಸರಾಗುವ ತನಕ ಸುರಿದು ಕೆಡಿಸಿದ. ಒಂದು ಮಧ್ಯಾಹ್ನ ನಾನು ಊಟ ತಂದವಳು, ಕೂರಲು ಬೇರೆ ಜಾಗವಿಲ್ಲದೆ, ಕಾಗದದ ಉರುಳೆ ಇಳಿಸುವ ಏಣಿಯ ಏಳನೆಯ ಮೆಟ್ಟಿಲಿನ ಮೇಲೆ ಕೂತು ಕರಡು ತಿದ್ದುತ್ತಿದ್ದೆ. ಕೆಳಗೆ ನೋಡಿದೆ. "ಸಾಕೋ," ಎಂದೆ. ಕೋಲು ಕೈಯಲ್ಲೇ ನಿಂತಿತು. ಆ ಚಿತ್ರ ಈಗ ದೊಡ್ಡ ಮ್ಯೂಸಿಯಮ್ಮಿನಲ್ಲಿದೆ.

ಅಲ್ಲಿಂದ ಮೂವತ್ತೆಂಟು ವರ್ಷ. ಪ್ರತಿ ಚಿತ್ರಕ್ಕೂ ಏಳನೆಯ ಮೆಟ್ಟಿಲು, ನನ್ನ ಒಂದು ಮಾತು. ನನಗೆ ಚಿತ್ರಕಲೆ ತಿಳಿಯದು. ಕರಡು ತಿಳಿಯುತ್ತದೆ. ಮೂರನೆಯ ಓದಿಗೆ ತಪ್ಪು ಸಿಗದಿದ್ದರೆ ಪುಟ ಬಿಟ್ಟುಕೊಡಬೇಕು. ನಾಲ್ಕನೆಯ ಸಲ ಓದಿದರೆ ಸರಿ ಇದ್ದದ್ದನ್ನೂ ತಿದ್ದಲು ಕೈ ತುರಿಸುತ್ತದೆ.

ಅವನು ನನಗೆ ಇಟ್ಟ ಹೆಸರು ಸಾಕಮ್ಮ. "ಸಾಕಮ್ಮೋರು ಇನ್ನೂ ಏಣಿ ಹತ್ತಿಲ್ವಾ? ಹಾಗಾದ್ರೆ ನಾನು ಡಬ್ಬಿ ತೆಗಿಯಲ್ಲಪ್ಪ." ಇದು ಗೋದಾಮಿನ ಒಳಗೆ ಮಾತ್ರ. ಅವನ ಮೇಲೆ ಬಂದ ಮೂರೂ ಪುಸ್ತಕಗಳಲ್ಲಿ 'ನಿಲ್ಲಿಸುವ ಕಲೆ' ಎಂದು ಒಂದೊಂದು ಅಧ್ಯಾಯ ಇದೆ. ಒಂದರಲ್ಲಿ ಏಣಿಯ ಫೋಟೋ ಕೂಡ ಇದೆ, ಖಾಲಿ ಏಣಿ. ಕೇಳಿದವರಿಗೆಲ್ಲ ಅವನು ಕೊಟ್ಟ ಉತ್ತರ ಒಂದೇ: "ಚಿತ್ರವೇ ಹೇಳುತ್ತೆ."

ಫೆಬ್ರವರಿ ೨೬

ಗ್ಯಾಲರಿಯವನು ಬಂದಿದ್ದ. ಮೈತುಂಬ ಸುಗಂಧ ಹಚ್ಚಿಕೊಂಡು ಬರುತ್ತಾನೆ. ಹೋದ ಮೇಲೂ ಒಂದು ಗಂಟೆ ಕೋಣೆಯಲ್ಲಿರುತ್ತಾನೆ. ನಾನಿಟ್ಟ ಹೆಸರು ಅತ್ತರು.

"ಅಕ್ಕಾ, ಏಪ್ರಿಲ್ ನಾಲ್ಕಕ್ಕೆ ಪ್ರದರ್ಶನ. ಸರ್ ಕೊನೆಗೆ ಮಾಡಿದ ಆ ದೊಡ್ಡ ಚಿತ್ರ ಗ್ಯಾಲರಿಯ ನಡುಗೋಡೆಗೆ. ಅದಿಲ್ದೆ ಪ್ರದರ್ಶನವೇ ಇಲ್ಲ."

ಅಕ್ಕ ಎನ್ನಲು ಇವನ್ಯಾರು.

"ಅದು ಮುಗಿದಿಲ್ಲ," ಎಂದೆ.

"ಅದನ್ನ ನೀವು ಹೇಗೆ ಹೇಳ್ತೀರಾ ಅಕ್ಕಾ?"

ಅವನು ಕಳೆದ ವರ್ಷದ ಒಪ್ಪಂದ ತೆಗೆದು ಬೆರಳಿಟ್ಟು ತೋರಿಸಿದ. 'ಕೃತಿ ಮುಗಿದಿದೆ, ಇಲ್ಲ ಎಂಬುದಕ್ಕೆ ಕಲಾವಿದರ ಮಾತೇ ಅಂತಿಮ.' ಆ ಕರಡನ್ನು ತಮ್ಮ ನನಗೇ ತಿದ್ದಲು ಕೊಟ್ಟಿದ್ದ. ಆ ಸಾಲಿನಲ್ಲಿರುವ ಅಲ್ಪವಿರಾಮ ನಾನು ಹಾಕಿದ್ದು.

ಗೋದಾಮಿನ ಕೀಲಿ ನನ್ನ ಹತ್ತಿರ ಇದೆ. ಅವನು ಬಿದ್ದ ದಿನದಿಂದ ಬಾಗಿಲು ತೆಗೆದಿಲ್ಲ. ಕೊಡುವುದಿಲ್ಲ ಎಂದೆ. ಅತ್ತರು ಬಹಳ ಮೃದುವಾಗಿ, ಬೀಗ ಒಡೆಸುವ ಹಕ್ಕು ಯಾವ ಪುಟದಲ್ಲಿದೆ ಎಂದು ಹೇಳಿದ.

ಮಾರ್ಚ್ ೪

ಸಂಜೆ ಏಳಕ್ಕೆ ತಮ್ಮ ಮಂಚದಿಂದ ಜಾರಿ ಬಿದ್ದ. ಎತ್ತಲಾಗಲಿಲ್ಲ. ಪಕ್ಕದ ಮನೆಯವರು ಬರುವ ತನಕ ನಾನೂ ನೆಲದ ಮೇಲೆ ಅವನ ಪಕ್ಕ ಕೂತಿದ್ದೆ. "ಸಾಕು," ಎಂದ. "ಹೌದಪ್ಪ," ಎಂದೆ.

ಮಾರ್ಚ್ ೯, ಭಾನುವಾರ

ನರ್ಸಮ್ಮ ಇಲ್ಲದ ದಿನ ನೋಡಿಯೇ ಅತ್ತರು ಕ್ಯಾಮೆರಾದವನನ್ನು ಕರೆದುಕೊಂಡು ಬಂದ. ತಮ್ಮನ ಕೂದಲು ಬಾಚಿದರು. ಬಾಯಿ ನೆಟ್ಟಗಿರುವ ಕಡೆಯನ್ನು ಬೆಳಕಿಗೆ ತಿರುಗಿಸಿದರು.

"ಸರ್, ಆ ದೊಡ್ಡ ಚಿತ್ರದ ಬಗ್ಗೆ ಒಂದೇ ಮಾತು. ಅದಕ್ಕೆ ಇನ್ನೇನಾದ್ರೂ ಸೇರಿಸೋದಿದೆಯಾ?"

"ಸಾಕು."

"ಅಂದ್ರೆ ಮುಗಿದಿದೆ?"

"ಸಾಕು."

ಕ್ಯಾಮೆರಾದವನು ಕಣ್ಣೊರೆಸಿಕೊಂಡ. ನಾನು ನಡುವೆ ನುಗ್ಗಿದೆ. "ಅವನ ಹೆಸರು ಕೇಳಿ! ಇವತ್ತು ಯಾವ ವಾರ ಕೇಳಿ! ಎಲ್ಲದಕ್ಕೂ ಅದನ್ನೇ ಹೇಳ್ತಾನೆ, ಮೂತ್ರಕ್ಕೂ ಅದನ್ನೇ ಹೇಳ್ತಾನೆ!" ಎಂದು ಕೂಗಿದೆ. ಅಷ್ಟರಲ್ಲಿ ಕ್ಯಾಮೆರಾ ಆರಿಸಿದ್ದರು.

ತಮ್ಮ ಅವರ ಕಡೆ ನೋಡಲೇ ಇಲ್ಲ. ಉದ್ದಕ್ಕೂ ನನ್ನನ್ನೇ ನೋಡುತ್ತಿದ್ದ, ಕತ್ತು ಸ್ವಲ್ಪ ಮೇಲೆತ್ತಿ. ಪಾಪ, ಅವನಿಗೇನು ತಿಳಿದೀತು.

ಮಾರ್ಚ್ ೧೧

ವಕೀಲರ ಹತ್ತಿರ ಹೋಗಿದ್ದೆ. "ಸಾಕು ಅಂದ್ರೆ ಸಾಕು ಅಂತಲೇ ಅಲ್ವೇನಮ್ಮಾ?" ಎಂದರು.

ಅಲ್ಲ. ಮನೆಗೆ ಬಂದು ನಿಘಂಟು ತೆಗೆದೆ. ಎರಡು ಬೇರೆ ಬೇರೆ ನಮೂದು. ಒಂದು: ಇಷ್ಟೇ, ಇನ್ನು ಬೇಡ. ಇನ್ನೊಂದು: ಸಲಹು, ಪೋಷಿಸು. ಒಂದೇ ಅಕ್ಷರಗಳು. ಮಾತಾಡಲು ಬಾರದವನು ಯಾವ ನಮೂದಿನಿಂದ ಎತ್ತಿಕೊಂಡ ಎಂದು ಹೇಳಲು ಯಾವ ಕೋರ್ಟಿಗೆ ಸಾಧ್ಯ? ಪತ್ರಿಕೆಗೆ ಪತ್ರ ಬರೆದೆ. ಇದು ನಾಲ್ಕನೆಯದು. ಉತ್ತರವಿಲ್ಲ.

ಇಪ್ಪತ್ನಾಲ್ಕಕ್ಕೆ ಲಾರಿ ಬರುತ್ತದಂತೆ.

ಮಾರ್ಚ್ ೧೩

ಒಂದು ದಾರಿ ಇದೆ. ಅವನ ತಲೆ ಚೆನ್ನಾಗಿದೆ ಎಂದು ಆ ಹುಡುಗಿ ಹೇಳಿಲ್ಲವೇ. ಎಡಗೈ ಚೆನ್ನಾಗಿದೆ. ಗೋದಾಮಿಗೆ ಕರೆದುಕೊಂಡು ಹೋದರೆ ಬೆರಳು ತೋರಿಸುತ್ತಾನೆ. ನಾನು ಸುರಿಯುತ್ತೇನೆ. ಮೂವತ್ತೆಂಟು ವರ್ಷ ನೋಡಿದ್ದೇನೆ. ಜೇನಿನ ಹಾಗೆ, ನೀರಿನ ಹಾಗಲ್ಲ. ಅವನು ಮುಗಿಸದೆ ಆ ಚಿತ್ರ ಹೊರಗೆ ಹೋಗಲು ಬಿಡುವುದಿಲ್ಲ.

ಭಾನುವಾರಕ್ಕೆ ಟ್ಯಾಕ್ಸಿ ಹೇಳಿದ್ದೇನೆ. ನರ್ಸಮ್ಮನಿಗೆ ಹೇಳಿಲ್ಲ.

ಮಾರ್ಚ್ ೧೬, ಭಾನುವಾರ

ಹೋಗಿ ಬಂದೆವು.

ಬರೆಯಲಾರೆ.

ಮಾರ್ಚ್ ೧೯

ಬರೆಯದಿದ್ದರೆ ನಿದ್ದೆ ಬರುವುದಿಲ್ಲ, ಬರೆದರೂ ಬರಲಾರದು. ಇರಲಿ.

ಟ್ಯಾಕ್ಸಿಯವನು ಒಳ್ಳೆಯವನು. ಗಾಲಿಕುರ್ಚಿಯನ್ನು ಬಟ್ಟೆಯ ಅಂಚಿನವರೆಗೆ ತಳ್ಳಿಕೊಟ್ಟು, "ಗಂಟೆ ಬಿಟ್ಟು ಬರ್ತೀನಮ್ಮಾ," ಎಂದು ಹೋದ. ಟರ್ಪೆಂಟೈನಿನ ವಾಸನೆ ಬಾಗಿಲಲ್ಲೇ ಕಾದಿತ್ತು. ಚಿತ್ರ ಹಾಗೆಯೇ ಮಲಗಿತ್ತು, ಹತ್ತೊಂಬತ್ತು ಅಡಿ, ಬೂದು, ನೀಲಿ, ಇಟ್ಟಿಗೆ ಬಣ್ಣ, ಮೇಲೊಂದು ತೆಳ್ಳನೆ ಬಿಳಿ ಜಾಲ. ಬಲಗಡೆಯ ಮೂಲೆಯಲ್ಲಿ ಚಾಪೆಯಷ್ಟು ಖಾಲಿ ಜಾಗ.

ತಮ್ಮ ಬಹಳ ಹೊತ್ತು ನೋಡಿದ. ಆಮೇಲೆ ಏಣಿ ನೋಡಿದ.

"ಏಣಿ ಇವತ್ತು ಬೇಡ ಕಣೋ. ನೀನು ಬೆರಳು ತೋರಿಸು, ನಾನು ಸುರೀತೀನಿ. ಅಲ್ಲಿ, ಆ ಖಾಲಿ ಜಾಗಕ್ಕೆ ತಾನೇ?"

"ಸಾಕು," ಎಂದ.

ಹೌದು ಎಂದು ತಿಳಿದೆ. ಕಪ್ಪು ಡಬ್ಬಿಯ ಮೇಲೆ ಕೆನೆಕಟ್ಟಿತ್ತು; ಚುಚ್ಚಿ ತೆಗೆದು, ಟರ್ಪೆಂಟೈನ್ ಹಾಕಿ ಕದಡಿದೆ. ಕೋಲೆತ್ತಿ ನೋಡಿದೆ. ಜೇನಿನ ಹಾಗೆಯೇ ಬಿತ್ತು. ಖಾಲಿ ಜಾಗದ ಅಂಚಿನಲ್ಲಿ ಬಗ್ಗಿ ನಿಂತು ಸುರಿಯಲು ಶುರು ಮಾಡಿದೆ. ಕೈ ನಡುಗಿತು. ಗೆರೆ ದಾರವಾಗಲಿಲ್ಲ, ಹಗ್ಗವಾಯಿತು.

"ಸಾಕು. ಸಾಕು."

"ತಾಳು, ಸುರೀತಿದೀನಿ."

"ಸಾಕ... ಮ್ಮ."

ಆರು ವಾರದಲ್ಲಿ ಆ ಒಂದು ಪದಕ್ಕೆ ಒಂದು ಅಕ್ಷರವೂ ಸೇರಿರಲಿಲ್ಲ. ಈಗ ಸೇರಿತು. ನನ್ನ ಹೆಸರು! ಈ ಗೋದಾಮಿನ ಒಳಗೆ ಮಾತ್ರ ಕರೆಯುವ ಹೆಸರು! "ಕರೆದೆಯೇನೋ? ಇನ್ನೊಂದ್ಸಲ ಕರಿ! ಕರಿಯೋ ರಾಜ!" ಎಂದೆ. ಕೈ ನಿಲ್ಲಿಸಲಿಲ್ಲ. ಅವನು ಕರೆದ ಹಾಗೆಲ್ಲ ಕೈಗೆ ಬಲ ಬಂತು. "ಸಾಕಮ್ಮ! ಸಾಕಮ್ಮ!" ಅವನು ಕೂಗುತ್ತಿದ್ದ, ನಾನು ಅಳುತ್ತ ನಗುತ್ತ ಸುರಿಯುತ್ತಿದ್ದೆ. ಖಾಲಿ ಜಾಗ ದಾಟಿದೆ. ಬಿಳಿ ಜಾಲದ ಮೇಲೆ ಹೋದೆ. ಐದಡಿ, ಆರಡಿ.

ಹಿಂದೆ ಕುರ್ಚಿ ಉರುಳಿದ ಸದ್ದಾಯಿತು. ತಮ್ಮ ನೆಲಕ್ಕೆ ಜಾರಿ, ಒಂದು ಮೊಣಕೈಯಲ್ಲಿ ತೆವಳಿ ಬಂದು, ನನ್ನ ಗೆರೆಯ ಮುಂದೆ ಎಡಗೈಯ ಅಂಗೈ ಊರಿದ್ದ. ಹರಿಯುವ ನೀರಿಗೆ ಅಡ್ಡ ಇಡುವ ಹಾಗೆ. ಬಣ್ಣ ಅವನ ಬೆರಳುಗಳಿಗೆ ಬಂದು ನಿಂತಿತು.

ಹೆಸರಲ್ಲ. ಸಾಕು, ಅಮ್ಮ. ಸಾಕಮ್ಮ, ನಿಲ್ಲಿಸು. ಕೂಡಿ ಬರೆದ ಪದಗಳನ್ನು ಬಿಡಿಸುತ್ತ ಮೂವತ್ತೊಂದು ವರ್ಷ ಕಳೆದವಳಿಗೆ ಇದು ಬಿಡಿಸಲಾಗಲಿಲ್ಲ.

ಟ್ಯಾಕ್ಸಿಯವನು ಬರುವ ತನಕ ಅವನ ಅಂಗೈ ಒರೆಸುತ್ತ ಕೂತಿದ್ದೆ. ಅವನು ಚಿತ್ರದ ಕಡೆ ಮತ್ತೆ ನೋಡಲಿಲ್ಲ.

ಇನ್ನೂ ಒಂದಿದೆ. ಅದನ್ನೂ ಬರೆದುಬಿಡುತ್ತೇನೆ.

ಅವನು ಬಿದ್ದ ಆ ಭಾನುವಾರ ಬೆಳಿಗ್ಗೆ ಪತ್ರಿಕೆಯಲ್ಲಿ ಅವನ ಸಂದರ್ಶನ ಬಂದಿತ್ತು. 'ಎಲ್ಲಿ ನಿಲ್ಲಿಸಬೇಕು ಎಂದು ನನಗೆ ಯಾರೂ ಹೇಳುವುದಿಲ್ಲ. ಚಿತ್ರವೇ ಹೇಳುತ್ತದೆ.' 'ಯಾರೂ' ಎಂಬ ಪದವನ್ನು ಅವನು ಹಿಂದೆಂದೂ ಬಳಸಿರಲಿಲ್ಲ. ಹಾಗಾದರೆ ಚಿತ್ರವೇ ಹೇಳಲಿ ಎಂದುಕೊಂಡು ಏಣಿ ಹತ್ತಿ, ಪುಸ್ತಕ ಬಿಡಿಸಿಕೊಂಡು ಕೂತೆ. ಮೂರೂವರೆಗೆ ಕೆಳಗೆ ನೋಡಿದೆ. ಮುಗಿದಿತ್ತು. ಆ ಖಾಲಿ ಮೂಲೆಯ ಸಮೇತ ಮುಗಿದಿತ್ತು. ಮಾತು ನಾಲಿಗೆಯ ತುದಿಗೆ ಬಂತು, ನುಂಗಿದೆ. ಅವನು ಎರಡು ಸಲ ಕತ್ತೆತ್ತಿ ನೋಡಿದ. ನಾನು ಪುಟ ತಿರುವಿದೆ. ಒಂದು ಗಂಟೆ ಹತ್ತು ನಿಮಿಷ, ಆ ಸೆಕೆಯಲ್ಲಿ, ತೂತಿಗೆ ಬೆರಳು ಒತ್ತಿ ಹಿಡಿದ ಡಬ್ಬಿಯೊಂದಿಗೆ ಚಿತ್ರದ ಸುತ್ತ ಸುತ್ತಿದ. ಒಂದು ಹನಿಯೂ ಬೀಳಿಸಲಿಲ್ಲ. ಕಾಯುತ್ತಿದ್ದ. ನಾಲ್ಕು ನಲವತ್ತಕ್ಕೆ ಬಿದ್ದ.

ಪತ್ರಿಕೆಯ ನಾಲ್ಕು ತಪ್ಪುಗಳಲ್ಲಿ ಕೊನೆಯದು ತಪ್ಪಲ್ಲ.

ಮಾರ್ಚ್ ೨೪

ಲಾರಿ ಬಂತು. ಕೀಲಿ ಕೊಟ್ಟೆ. ಹೋಗಬಾರದೆಂದುಕೊಂಡು ಹೋದೆ. ಅತ್ತರು ಬಾಗಿಲಲ್ಲಿ ನಿಂತು ಎದೆ ಮೇಲೆ ಕೈಯಿಟ್ಟುಕೊಂಡ.

"ಅಯ್ಯೋ ಅಕ್ಕಾ! ಆ ಕಪ್ಪು ಗೆರೆ! ಅಂಗೈ! ಇದನ್ನ ಮುಗಿದಿಲ್ಲ ಅಂತಿದ್ರಲ್ಲ ನೀವು!"

ಹೇಳಬೇಕಿತ್ತು. ಬಣ್ಣ ಒಣಗಿದೆಯೇ ಎಂದು ಒಬ್ಬ ಬೆರಳಲ್ಲಿ ಮುಟ್ಟಿ ನೋಡಿದ. ಒಣಗಿತ್ತು. ಸುತ್ತಿ ಎತ್ತಿಕೊಂಡು ಹೋದರು. ನೆಲದ ಮೇಲೆ ಹತ್ತೊಂಬತ್ತು ಅಡಿ ಚೊಕ್ಕ ಸಿಮೆಂಟು ಉಳಿಯಿತು, ಸುತ್ತ ಹನಿಗಳು.

ಏಪ್ರಿಲ್ ೬, ಭಾನುವಾರ

ಪ್ರದರ್ಶನದ ಹೆಸರು 'ಸಾಕು'. ಬಾಗಿಲಲ್ಲೇ ಪರದೆಯ ಮೇಲೆ ಅವನ ಮುಖ, ಮತ್ತೆ ಮತ್ತೆ ಅದೇ ಮಾತು ಹೇಳುತ್ತದಂತೆ.

ಪತ್ರಿಕೆಯಲ್ಲಿ ಅರ್ಧ ಪುಟ ಬಂದಿದೆ. 'ನಲವತ್ತು ವರ್ಷ ಹಗುರಾಗಿ ಹರಿದ ಕೈ, ಕೊನೆಯಲ್ಲಿ ತನ್ನ ಅಂತ್ಯವನ್ನು ಕಂಡು ನಡುಗಿದ ಗೆರೆ ಇದು. ಬೇರೆ ಯಾರೂ ಎಳೆಯಲಾರದ ಗೆರೆ. ಅದನ್ನು ತಡೆದು ನಿಲ್ಲಿಸಿದ ಅಂಗೈಯೂ ಅವರದೇ.' ಮೂರು ಸಲ ಓದಿದೆ. ಒಂದೂ ಅಕ್ಷರತಪ್ಪಿಲ್ಲ.

ಸಂಪಾದಕರಿಗೆ ಪತ್ರ ಬರೆದೆ. ಎರಡೇ ಸಾಲು. 'ಆ ಗೆರೆ ಕಲಾವಿದರದಲ್ಲ. ಅಂಗೈ ಮಾತ್ರ ಅವರದು.' ಲಕೋಟೆಗೆ ಹಾಕಿ ಅಂಟಿಸಿದೆ. ಆ ಗೆರೆ ಯಾರದೆಂದು ಕೇಳುತ್ತಾರೆ. ಆಮೇಲೆ ಏಣಿಯ ಮೇಲೆ ಯಾರಿದ್ದರೆಂದು ಕೇಳುತ್ತಾರೆ. ಆಮೇಲೆ ಅವನ ಒಂದೊಂದು ಚಿತ್ರದ ಮುಂದೆಯೂ ನಿಂತು ಇದು ಯಾರದೆಂದು ಕೇಳುತ್ತಾರೆ. ಅವನಿಗೆ ಉತ್ತರ ಕೊಡಲು ಒಂದೇ ಮಾತಿದೆ.

ಲಕೋಟೆ ನಿಘಂಟಿನೊಳಗಿದೆ.

ನರ್ಸಮ್ಮ ನಾಳೆ ಬಂದು ಚಿತ್ರ ತೋರಿಸಿ ಅಂದರೆ ಎಂದು ಪತ್ರಿಕೆ ಮಡಿಸಿ ಇಡಲು ಹೋದೆ. ತಮ್ಮ ಎಡಗೈ ಚಾಚಿದ. ಕೊಟ್ಟೆ. ಫೋಟೋದ ಕಪ್ಪು ಗೆರೆಯ ಮೇಲೆ ಬೆರಳಿಟ್ಟು ಉದ್ದಕ್ಕೂ ಎಳೆದ, ಅಂಗೈ ಗುರುತಿನ ತನಕ. ನನ್ನ ಕಡೆ ನೋಡಿದ. ಕಾದೆ. ಪತ್ರಿಕೆಯನ್ನು ನನ್ನ ಕೈಗೆ ವಾಪಸು ಕೊಟ್ಟ.

ಏಪ್ರಿಲ್ ೯

ಪತ್ರಿಕೆ ಬಂದಿದೆ. ಬಿಚ್ಚಿಲ್ಲ.

ಸಂಜೆ ಹಾಲಿನಲ್ಲಿ ನೆನೆಸಿದ ಬ್ರೆಡ್ಡು ತಿನ್ನಿಸಿದೆ. ಇಷ್ಟು ದಿನ ಅವನೇನೇ ಅಂದರೂ ಬಟ್ಟಲು ಖಾಲಿಯಾಗುವ ತನಕ ಬಿಟ್ಟವಳಲ್ಲ. ಇವತ್ತು ಐದು ಚಮಚ ಆಯಿತು. ಆರನೆಯದು ತುಟಿಯ ಹತ್ತಿರ ಹೋದಾಗ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದ. ಉಗುರಿನ ಸಂದಿಯಲ್ಲಿ ಕಪ್ಪು ಇನ್ನೂ ಇದೆ.

"ಸಾಕಮ್ಮ," ಎಂದ.

ಕರೆದನೋ, ಬೇಡ ಎಂದನೋ. ಚಮಚ ಕೆಳಗಿಟ್ಟೆ.